ಚೆಂಡು ಮೇಲೆ ಹೋಗಿ ನಿಂತಾಗ ವೇಗೋತ್ಕರ್ಷ ಎಷ್ಟು? ಮನೆಯಲ್ಲಿ ಜಗಳ ಶುರುವಾಗಿದೆ

ಶಿರಸಿ_ಅಮ್ಮ
ಮಗಳು ಒಂಬತ್ತನೇ ಕ್ಲಾಸು. ಟ್ಯೂಷನ್‌ನಲ್ಲಿ ಒಂದು ಸಣ್ಣ ಟೆಸ್ಟ್ ಕೊಟ್ಟಿದ್ದರು. ಪ್ರಶ್ನೆ ಇಷ್ಟೇ: "ಚೆಂಡೊಂದನ್ನು ನೇರವಾಗಿ ಮೇಲಕ್ಕೆ ಎಸೆಯಲಾಗಿದೆ. ಗರಿಷ್ಠ ಎತ್ತರದಲ್ಲಿ ಅದರ ವೇಗ ಎಷ್ಟು, ವೇಗೋತ್ಕರ್ಷ ಎಷ್ಟು?" ವೇಗೋತ್ಕರ್ಷ ಅಂದರೆ ಪ್ರತಿ ಸೆಕೆಂಡಿಗೆ ವೇಗ ಎಷ್ಟು ಬದಲಾಗುತ್ತದೆ ಅನ್ನೋದು. ಇವಳು ವೇಗ ಸೊನ್ನೆ, ವೇಗೋತ್ಕರ್ಷ 9.8 ಅಂತ ಬರೆದಿದ್ದಾಳೆ. ಎರಡನೆಯದಕ್ಕೆ ಕೆಂಪು ಗೀಟು. ಪಕ್ಕದಲ್ಲಿ "ನಿಂತ ವಸ್ತುವಿಗೆ ಎಲ್ಲಿಯ ವೇಗೋತ್ಕರ್ಷ?" ಅಂತ ಬರೆದು ಕಳಿಸಿದ್ದಾರೆ.

ನಮ್ಮ ಯಜಮಾನ್ರು ಟ್ಯೂಷನ್ ಸರ್ ಪಾರ್ಟಿ. ಓದಿದ್ದು ಬಿ.ಕಾಂ., ಆದರೆ ಮಾತಾಡೋದು ನ್ಯೂಟನ್ನನ ಪಕ್ಕದ ಮನೆಯವರ ಹಾಗೆ. ನನಗೆ ಮಗಳದ್ದೇ ಸರಿ ಅನ್ನಿಸುತ್ತದೆ, ಆದರೆ ಯಾಕೆ ಅಂತ ಹೇಳೋಕೆ ಬರಲ್ಲ. ಸೂತ್ರ ಬೇಡ, ಅರ್ಥ ಆಗೋ ಹಾಗೆ ಯಾರಾದರೂ ಹೇಳಿ.

ಕಡ್ಲೆಪುರಿ
ಮಗಳದ್ದೇ ಸರಿ. ಚರ್ಚೆ ಮುಗೀತು.

ಗಾಂಧಿಬಜಾರ್_ಗಿರಾಕಿ
ಎಲ್ಲಿ ಮುಗೀತು ಸ್ವಾಮಿ? ಪುಸ್ತಕದಲ್ಲಿರೋದು 9.8, ಅದು ನನಗೂ ಗೊತ್ತು. ಆದರೆ ಸ್ವಲ್ಪ ಯೋಚನೆ ಮಾಡಿ. ಮೇಲೆ ಹೋಗುವಾಗ ಚೆಂಡಿನ ವೇಗ ಕಡಿಮೆಯಾಗುತ್ತಾ ಬರುತ್ತದೆ, ಕೆಳಗೆ ಬರುವಾಗ ಜಾಸ್ತಿಯಾಗುತ್ತದೆ. ನಡುವೆ ಕಡಿಮೆಯೂ ಇಲ್ಲ, ಜಾಸ್ತಿಯೂ ಇಲ್ಲದ ಒಂದು ಘಳಿಗೆ ಇರಲೇಬೇಕಲ್ವಾ? ಆ ಘಳಿಗೆಯಲ್ಲಿ ವೇಗೋತ್ಕರ್ಷ ಸೊನ್ನೆ. ಟ್ಯೂಷನ್ ಸರ್ ಅಷ್ಟೇನೂ ದಡ್ಡರಲ್ಲ.

ನಿವೃತ್ತ_ಮೇಷ್ಟ್ರು
ಗಿರಾಕಿಯವರೇ, ನಿಮ್ಮ ತರ್ಕ ಕೇಳೋಕೆ ಚೆನ್ನಾಗಿದೆ. ಲೆಕ್ಕಕ್ಕೆ ಇಳಿಸಿದರೆ ನಿಲ್ಲುವುದಿಲ್ಲ. ಅಮ್ಮನವರು ಸೂತ್ರ ಬೇಡ ಅಂದಿದ್ದಾರೆ, ಬರೀ ಕೂಡಿಸೋದು ಕಳೆಯೋದರಲ್ಲೇ ತೋರಿಸುತ್ತೇನೆ.

ಸೆಕೆಂಡಿಗೆ 19.6 ಮೀಟರ್ ವೇಗದಲ್ಲಿ ಚೆಂಡನ್ನು ಮೇಲಕ್ಕೆ ಎಸೆದಿರಿ ಅಂತಿಟ್ಟುಕೊಳ್ಳಿ. ಗಾಳಿಯನ್ನು ಸದ್ಯಕ್ಕೆ ಮರೆತುಬಿಡಿ. ಪ್ರತಿ ಸೆಕೆಂಡಿಗೂ ಭೂಮಿ ಅದರ ವೇಗದಿಂದ 9.8 ಕಳೆಯುತ್ತದೆ. ಒಂದು ಸೆಕೆಂಡ್ ಆದಾಗ ವೇಗ 9.8, ಎರಡು ಸೆಕೆಂಡ್ ಆದಾಗ ಸೊನ್ನೆ. ಅದೇ ತುದಿ. ಎತ್ತರ 19.6 ಮೀಟರ್, ಅಂದರೆ ಐದಾರು ಮಹಡಿಯಷ್ಟು.

ಈಗ ತುದಿಯ ಆಚೀಚೆ ನೋಡಿ. 1.9 ಸೆಕೆಂಡಿನಲ್ಲಿ ವೇಗ ಮೇಲ್ಮುಖವಾಗಿ 0.98. 2.1 ಸೆಕೆಂಡಿನಲ್ಲಿ ಕೆಳಮುಖವಾಗಿ 0.98. ಮೇಲ್ಮುಖದಿಂದ ಸೊನ್ನೆಗೆ ಬಂದು, ಅಲ್ಲಿಂದ ಕೆಳಮುಖಕ್ಕೆ ಹೋಗಿದೆ. ಒಟ್ಟು ಬದಲಾವಣೆ 1.96. ತೆಗೆದುಕೊಂಡ ಸಮಯ 0.2 ಸೆಕೆಂಡ್. ಭಾಗಿಸಿ. 9.8 ಬಂತೋ ಇಲ್ಲವೋ?

ನೀವು "ಕಡಿಮೆಯಾಗುತ್ತದೆ, ಜಾಸ್ತಿಯಾಗುತ್ತದೆ" ಅಂದಿದ್ದು ಜವದ ಮಾತು. ಜವಕ್ಕೆ ದಿಕ್ಕಿಲ್ಲ. ದಿಕ್ಕು ಸೇರಿಸಿಕೊಂಡು ನೋಡಿದರೆ ವೇಗ ಹತ್ತುವಾಗಲೂ ಇಳಿಯುವಾಗಲೂ ಒಂದೇ ಕಡೆಗೆ ಬದಲಾಗುತ್ತಿದೆ. ನಡುವೆ ಬಿಡುವು ಅಂತ ಒಂದು ಇಲ್ಲವೇ ಇಲ್ಲ.

ಗಾಂಧಿಬಜಾರ್_ಗಿರಾಕಿ
0.2 ಸೆಕೆಂಡ್ ತೆಗೆದುಕೊಂಡರೆ ಅದು ಸರಾಸರಿ ಆಯ್ತು ಮೇಷ್ಟ್ರೇ. ನಾನು ಕೇಳಿದ್ದು ಆ ಒಂದು ಘಳಿಗೆ.

ನಿವೃತ್ತ_ಮೇಷ್ಟ್ರು
ಸರಿ, ಇನ್ನೂ ಹತ್ತಿರ ಹೋಗೋಣ. 1.99ರಿಂದ 2.01 ಸೆಕೆಂಡ್. ಬದಲಾವಣೆ 0.196, ಸಮಯ 0.02. ಮತ್ತೆ 9.8. ಎಷ್ಟು ಕಿರಿದು ಮಾಡಿದರೂ ಅದೇ ಬರುತ್ತದೆ. ಒಂದು ಘಳಿಗೆಯ ವೇಗೋತ್ಕರ್ಷ ಅಂದರೆ ಹೀಗೆ ಕಿರಿದು ಮಾಡುತ್ತಾ ಹೋದಾಗ ಸಿಗೋದೇ, ಬೇರೇನಲ್ಲ.

ಧಾರವಾಡ_ಪೇಡಾ
ಇಷ್ಟೆಲ್ಲ ಯಾಕ್ರೀ? ತುದಿಯೊಳಗ ವೇಗವೂ ಸೊನ್ನೆ, ವೇಗೋತ್ಕರ್ಷವೂ ಸೊನ್ನೆ ಆದರೆ ಚೆಂಡು ಅಲ್ಲೇ ಕೂತುಬಿಡಬೇಕು. ಕೆಳಗೆ ಬರೋಕೆ ಅದಕ್ಕೆ ಕಾರಣವೇ ಇಲ್ಲ. ಯಾರಾದರೂ ಏಣಿ ಹಾಕಿ ಇಳಿಸಿಕೊಂಡು ಬರಬೇಕು ನೋಡ್ರಿ.

ಶಿರಸಿ_ಅಮ್ಮ
ಪೇಡಾ ಅವರ ಉತ್ತರ ಯಜಮಾನ್ರಿಗೆ ಓದಿ ಹೇಳಿದೆ. "ಹ್ಞೂಂ" ಅಂದರು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅದು ದೊಡ್ಡ ಹ್ಞೂಂ.

ಪಿಯು_ಲಾಸ್ಟ್_ಬೆಂಚ್
ನನಗೆ ಅರ್ಥ ಆಗಿದ್ದು ಬೇರೆ ಥರ. ಎಸೆಯುವಾಗ ಕೈ ಒಂದು ಬಲ ಕೊಟ್ಟಿರುತ್ತದೆ. ಮೇಲೆ ಹೋಗ್ತಾ ಹೋಗ್ತಾ ಅದು ಖರ್ಚಾಗುತ್ತದೆ. ತುದಿಯಲ್ಲಿ ಕೈ ಕೊಟ್ಟ ಬಲ ಮತ್ತು ಗುರುತ್ವ ಎರಡೂ ಸಮ. ಅದಕ್ಕೇ ನಿಲ್ಲುತ್ತದೆ. ಆಮೇಲೆ ಗುರುತ್ವ ಗೆಲ್ಲುತ್ತದೆ. ಹೀಗಲ್ವಾ?

ಬುಗುರಿ
ಅಲ್ಲ ತಮ್ಮಾ. ಆದರೆ ಬೇಜಾರು ಮಾಡ್ಕೋಬೇಡ, ಈ ವಿಚಾರಕ್ಕೆ ಭಾರೀ ದೊಡ್ಡ ಮನೆತನ ಇದೆ. ಎಸೆದ ವಸ್ತುವಿನೊಳಗೆ ಎಸೆದವನು ಏನೋ ಒಂದನ್ನು ತುಂಬಿಸಿ ಕಳಿಸುತ್ತಾನೆ, ಅದು ಇರೋವರೆಗೆ ಓಡುತ್ತದೆ ಅಂತ ಆರನೇ ಶತಮಾನದ ಅಲೆಕ್ಸಾಂಡ್ರಿಯಾದಲ್ಲಿ ಫಿಲೊಪೋನಸ್ ಬರೆದಿದ್ದ. ಹದಿನಾಲ್ಕನೇ ಶತಮಾನದಲ್ಲಿ ಪ್ಯಾರಿಸ್ಸಿನ ಬುರಿಡಾನ್ ಅದನ್ನೇ ಇನ್ನಷ್ಟು ಬೆಳೆಸಿದ. ನ್ಯೂಟನ್ ಪುಸ್ತಕ ಬಂದಿದ್ದು 1687ರಲ್ಲಿ. ಅಷ್ಟು ಶತಮಾನ ಬುದ್ಧಿವಂತರು ಒಪ್ಪಿಕೊಂಡಿದ್ದನ್ನು ನೀನು ಲಾಸ್ಟ್ ಬೆಂಚಿನಲ್ಲಿ ಒಬ್ಬನೇ ಕಂಡುಹಿಡಿದಿದ್ದೀಯ.

ಈಗಿನ ಕಾಲದಲ್ಲೂ ಇದು ಹೋಗಿಲ್ಲ. ಅಮೆರಿಕದ ಜಾನ್ ಕ್ಲೆಮೆಂಟ್ ಅನ್ನುವವರು ಎಂಜಿನಿಯರಿಂಗ್ ಹುಡುಗರಿಗೆ ಮೇಲಕ್ಕೆ ಚಿಮ್ಮಿಸಿದ ನಾಣ್ಯದ ಚಿತ್ರ ಕೊಟ್ಟು, ಅದರ ಮೇಲಿನ ಬಲಗಳನ್ನು ಬಾಣ ಹಾಕಿ ತೋರಿಸಿ ಅಂದಿದ್ದರು. 1982ರಲ್ಲಿ ಪ್ರಕಟವಾದ ಕೆಲಸ. ಬಹಳಷ್ಟು ಜನ ನಿನ್ನ ಹಾಗೇ ಮೇಲ್ಮುಖವಾಗಿ ಒಂದು "ಕೈಬಲ" ಬರೆದಿದ್ದರು.

ನಿಜ ಏನು ಅಂದರೆ, ಕೈ ಬಿಟ್ಟ ಮರುಕ್ಷಣವೇ ಕೈಯ ಬಲ ಮುಗೀತು. ಮುಟ್ಟದೇ ತಳ್ಳೋಕೆ ಆಗಲ್ಲ. ಚೆಂಡಿನ ಬಳಿ ಉಳಿಯೋದು ವೇಗ, ಬಲ ಅಲ್ಲ. ಆಮೇಲೆ ಅದರ ಮೇಲೆ ಕೆಲಸ ಮಾಡೋದು ಗುರುತ್ವ ಒಂದೇ. ಹತ್ತುವಾಗಲೂ ಒಂದೇ, ತುದಿಯಲ್ಲೂ ಒಂದೇ, ಇಳಿಯುವಾಗಲೂ ಒಂದೇ. ಎರಡು ಬಲ ಸಮ ಆಗೋಕೆ ಅಲ್ಲಿ ಎರಡನೆಯದು ಇರಬೇಕಲ್ಲ?

ಪಿಯು_ಲಾಸ್ಟ್_ಬೆಂಚ್
ಬಲ ಇಲ್ಲದೆ ಮೇಲಕ್ಕೆ ಹೇಗೆ ಹೋಗುತ್ತದೆ ಅಣ್ಣಾ? ಸೈಕಲ್ ಪೆಡಲ್ ನಿಲ್ಲಿಸಿದರೆ ಸೈಕಲ್ ನಿಲ್ಲುತ್ತದಲ್ಲ.

ಬುಗುರಿ
ಕೇರಂ ಆಡ್ತೀಯಾ? ಪೌಡರ್ ಹಾಕದ ಬೋರ್ಡಿನಲ್ಲಿ ಸ್ಟ್ರೈಕರ್ ಎಷ್ಟು ದೂರ ಹೋಗುತ್ತದೆ, ಪೌಡರ್ ಹಾಕಿದ ಮೇಲೆ ಎಷ್ಟು ದೂರ? ನಿನ್ನ ಬೆರಳು ಎರಡು ಸಲವೂ ಅಷ್ಟೇ ಜೋರಾಗಿ ಹೊಡೆದಿದೆ. ನಿಲ್ಲಿಸಿದ್ದು ಘರ್ಷಣೆ. ಬೆರಳಿನ ಬಲ ಖರ್ಚಾಗಿ ನಿಂತಿದ್ದಾದರೆ ಪೌಡರ್‌ಗೆ ಅಲ್ಲಿ ಏನು ಕೆಲಸ? ಸಮತಟ್ಟು ರಸ್ತೆಯಲ್ಲಿ ಒಂದೇ ವೇಗದಲ್ಲಿ ಸೈಕಲ್ ಹೋಗುವಾಗ ನಿನ್ನ ಪೆಡಲ್ ಮಾಡೋದು ಗಾಳಿ ಮತ್ತು ಘರ್ಷಣೆಯ ಸಾಲ ತೀರಿಸೋ ಕೆಲಸ ಅಷ್ಟೇ.

ಪಿಯು_ಲಾಸ್ಟ್_ಬೆಂಚ್
ಪೌಡರ್ ಮಾತು ಹಿಡಿಸಿತು.

ಗಾಂಧಿಬಜಾರ್_ಗಿರಾಕಿ
ಬಾಯಿಮಾತು ಸಾಕು, ಪ್ರಯೋಗ ಮಾಡಿಬಿಟ್ಟೆ. ಜರ್ಮನಿಯ ಆಕೆನ್ ವಿಶ್ವವಿದ್ಯಾಲಯದವರ ಫೈಫಾಕ್ಸ್ ಅಂತ ಒಂದು ಉಚಿತ ಆ್ಯಪ್ ಇದೆ. ಮೊಬೈಲಿನ ಒಳಗಿರುವ ವೇಗೋತ್ಕರ್ಷ ಸೆನ್ಸರ್ ಏನು ಹೇಳುತ್ತದೆ ಅಂತ ಗ್ರಾಫ್ ಬರೆಯುತ್ತದೆ. ಹಾಸಿಗೆ ಮೇಲೆ ನಿಂತುಕೊಂಡು ಮೊಬೈಲನ್ನು ಮೇಲಕ್ಕೆ ಎಸೆದೆ. ಗ್ರಾಫ್ ಏನು ತೋರಿಸಿತು ಗೊತ್ತಾ? ಸೊನ್ನೆ! ಈಗ ಹೇಳಿ ಮೇಷ್ಟ್ರೇ.

ಕಡ್ಲೆಪುರಿ
ಮೊಬೈಲ್ ಬದುಕಿದೆಯಾ?

ಗಾಂಧಿಬಜಾರ್_ಗಿರಾಕಿ
ಬದುಕಿದೆ. ಹೆಂಡತಿಯದ್ದು, ನನ್ನದಲ್ಲ.

ಆಕೆನ್_ಹತ್ತಿರದ_ಗೌಡ
ಆಹಾ, ಈ ಪ್ರಯೋಗ ಮಾಡಿದ್ದಕ್ಕೆ ಶಭಾಷ್. ಈಗ ಅದೇ ಗ್ರಾಫನ್ನು ಪೂರ್ತಿ ನೋಡಿ. ಸೊನ್ನೆ ತೋರಿಸಿದ್ದು ತುದಿಯಲ್ಲಿ ಮಾತ್ರವಾ, ಅಥವಾ ಕೈ ಬಿಟ್ಟಾಗಿನಿಂದ ಹಾಸಿಗೆಗೆ ಬೀಳೋವರೆಗೂ ಸೊನ್ನೆಯಾ?

ಗಾಂಧಿಬಜಾರ್_ಗಿರಾಕಿ
ಬೀಳೋವರೆಗೂ ಸೊನ್ನೆಯ ಹತ್ತಿರವೇ ಇದೆ.

ಆಕೆನ್_ಹತ್ತಿರದ_ಗೌಡ
ಹಾಗಾದರೆ ನಿಮ್ಮ ಲೆಕ್ಕದಲ್ಲಿ ಬೀಳುತ್ತಿರುವ ಮೊಬೈಲಿಗೂ ವೇಗೋತ್ಕರ್ಷ ಇಲ್ಲ. ಅದನ್ನು ನೀವೂ ಒಪ್ಪಲ್ಲ. ಇನ್ನೊಂದು. ಮೊಬೈಲನ್ನು ಟೇಬಲ್ ಮೇಲೆ ಸುಮ್ನೆ ಇಡಿ. ಸೆನ್ಸರ್ 9.8 ತೋರಿಸುತ್ತದೆ. ಟೇಬಲ್ ಹಾರಿಹೋಗುತ್ತಿದೆಯಾ?

ಒಳಗೆ ಏನಿದೆ ಅಂದರೆ, ಸಿಲಿಕಾನ್ ಚಿಪ್ಪಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಒಂದು ತುಂಡು, ಅದನ್ನು ಹಿಡಿದಿರುವ ಸ್ಪ್ರಿಂಗಿನಂಥ ಎಳೆಗಳು. ಆ ಎಳೆ ಎಷ್ಟು ಬಾಗಿದೆ ಅನ್ನೋದನ್ನೇ ಸೆನ್ಸರ್ ಅಳೆಯೋದು. ಟೇಬಲ್ ಮೇಲಿದ್ದಾಗ ಮೊಬೈಲಿನ ಚೌಕಟ್ಟನ್ನು ಟೇಬಲ್ ಎತ್ತಿಹಿಡಿದಿದೆ, ತುಂಡು ಕೆಳಗೆ ಜಗ್ಗುತ್ತದೆ, ಎಳೆ ಬಾಗುತ್ತದೆ. ಗಾಳಿಯಲ್ಲಿದ್ದಾಗ ಚೌಕಟ್ಟಿಗೂ ತುಂಡಿಗೂ ಒಂದೇ 9.8. ಒಂದನ್ನೊಂದು ತಳ್ಳುವ ಪ್ರಶ್ನೆಯೇ ಇಲ್ಲ, ಎಳೆ ನೆಟ್ಟಗೆ ನಿಲ್ಲುತ್ತದೆ, ಸೊನ್ನೆ. ಅಂದರೆ ಈ ಸೆನ್ಸರ್ ಗುರುತ್ವವನ್ನು ನೇರವಾಗಿ ನೋಡುವುದೇ ಇಲ್ಲ. ಬೇರೆ ಯಾರಾದರೂ ತಳ್ಳಿದರೆ ಮಾತ್ರ ಅದಕ್ಕೆ ಗೊತ್ತಾಗೋದು.

ನಿಮ್ಮ ಗ್ರಾಫ್ ನಿಜವಾಗಿ ಹೇಳೋದು ಇದು: ಹತ್ತುವಾಗ, ತುದಿಯಲ್ಲಿ, ಇಳಿಯುವಾಗ ಗೆರೆ ಒಂದೇ ಸಮ. ತುದಿ ಬಂದಿದ್ದು ಮೊಬೈಲಿಗೆ ತಿಳಿಯಲೇ ಇಲ್ಲ. ಗ್ರಾಫ್ ನೋಡಿ ತುದಿ ಎಲ್ಲಿ ಅಂತ ಗುರುತು ಹಾಕಿ ನೋಡೋಣ.

ನಿವೃತ್ತ_ಮೇಷ್ಟ್ರು
ಗೌಡರೇ, ಬಹಳ ಚೆನ್ನಾಗಿ ಹೇಳಿದಿರಿ. ನಾನು ಪಾಠ ಮಾಡುವಾಗ ಇಂಥದ್ದೊಂದು ಕೈಯಲ್ಲಿ ಇರಲಿಲ್ಲ. ಸೀಮೆಸುಣ್ಣದ ಚೂರು ಎಸೆದು ಎಸೆದು ತೋರಿಸುತ್ತಿದ್ದೆ, ಮಕ್ಕಳು ಅದು ಯಾರ ತಲೆ ಮೇಲೆ ಬೀಳುತ್ತದೆ ಅಂತ ನೋಡುತ್ತಿದ್ದರು.

ಗಾಂಧಿಬಜಾರ್_ಗಿರಾಕಿ
ಗ್ರಾಫಿನಲ್ಲಿ ತುದಿ ಕಾಣ್ತಿಲ್ಲ, ಅದು ನಿಜ. ಆದರೂ ಸೊನ್ನೆ ತೋರಿಸುವ ಯಂತ್ರವನ್ನು ಇಟ್ಟುಕೊಂಡು 9.8 ಅನ್ನೋದು ಸ್ವಲ್ಪ ದೌರ್ಜನ್ಯವೇ.

ಲಿಫ್ಟ್_ಮೆಕ್ಯಾನಿಕ್
ಇದೇ ವಿಷಯವನ್ನು ಲಿಫ್ಟಿನಲ್ಲಿ ನೋಡಬಹುದು. ಬಾತ್‌ರೂಮಿನಲ್ಲಿ ಇಡ್ತಾರಲ್ಲ ತೂಕದ ಮೆಷಿನ್, ಅದನ್ನು ಲಿಫ್ಟಿನೊಳಗೆ ಇಟ್ಟು ಮೇಲೆ ನಿಲ್ಲಿ. ನಿಮ್ಮ ತೂಕ 60 ಕೆಜಿ ಅಂದುಕೊಳ್ಳಿ. ಲಿಫ್ಟ್ 1 ಮೀ/ಸೆ² ವೇಗೋತ್ಕರ್ಷದಲ್ಲಿ ಮೇಲಕ್ಕೆ ಹೊರಟರೆ ಮೆಷಿನ್ 66 ತೋರಿಸುತ್ತದೆ. ನಡುವೆ ಒಂದೇ ವೇಗದಲ್ಲಿ ಹೋಗುವಾಗ ಮತ್ತೆ 60. ಮೇಲಿನ ಮಹಡಿ ಹತ್ತಿರ ಬಂದು ಅಷ್ಟೇ ದರದಲ್ಲಿ ನಿಧಾನ ಆಗುವಾಗ 54. ಗಮನಿಸಬೇಕಾದ್ದು ನಡುವಿನ ಭಾಗ. ಲಿಫ್ಟ್ ಎಷ್ಟೇ ಜೋರಾಗಿ ಓಡುತ್ತಿರಲಿ, ವೇಗ ಬದಲಾಗದಿದ್ದರೆ ಮೆಷಿನ್‌ಗೆ ವ್ಯತ್ಯಾಸವೇ ಇಲ್ಲ. ಹಳೇ ಮೆಷಿನ್, ಮುಳ್ಳು ತಿರುಗೋದು, ಅದಾದರೆ ಚೆನ್ನಾಗಿ ಕಾಣುತ್ತದೆ. ಡಿಜಿಟಲ್‌ಗಳು ಒಂದು ನಂಬರ್ ಹಿಡಿದು ಕೂತುಬಿಡುತ್ತವೆ.

ಕಡ್ಲೆಪುರಿ
ಡಯಟ್ ಮಾಡೋ ಬದಲು ಮೇಲಿನ ಮಹಡಿ ಹತ್ತಿರ ತೂಕ ನೋಡ್ಕೊಂಡ್ರೆ ಆಯ್ತು.

ಮಳೆಮನೆ
ಗಗನಯಾತ್ರಿಗಳು ತೇಲೋದೂ ಇದೇನಾ? ಅಲ್ಲಿ ಗುರುತ್ವ ಇಲ್ಲ ಅಂತ ನಮ್ಮ ಹುಡುಗನ ಪ್ರಾಜೆಕ್ಟಿನಲ್ಲಿ ಬರೆಸಿದ್ದಾರೆ.

ಆಕೆನ್_ಹತ್ತಿರದ_ಗೌಡ
ಇದೇ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರೋದು ಸುಮಾರು 400 ಕಿ.ಮೀ. ಎತ್ತರದಲ್ಲಿ. ಅಲ್ಲಿ ಗುರುತ್ವ ವೇಗೋತ್ಕರ್ಷ 8.7ರ ಹತ್ತಿರ. ನೆಲದಲ್ಲಿರುವುದರ ನೂರಕ್ಕೆ ತೊಂಬತ್ತು ಭಾಗ ಅಲ್ಲೂ ಇದೆ. ನಿಲ್ದಾಣವೂ ಒಳಗಿನವರೂ ಒಟ್ಟಿಗೆ ಬೀಳುತ್ತಿದ್ದಾರೆ. ಅಡ್ಡಡ್ಡಕ್ಕೆ ಅಷ್ಟು ವೇಗ ಇರೋದರಿಂದ ಭೂಮಿಗೆ ಬಡಿಯದೆ ಸುತ್ತುತ್ತಾರೆ ಅಷ್ಟೇ. 2025ರಲ್ಲಿ ಶುಭಾಂಶು ಶುಕ್ಲಾ ಅಲ್ಲಿ ತೇಲಾಡಿದ ವಿಡಿಯೋ ಎಲ್ಲರೂ ನೋಡಿದ್ದೀವಲ್ಲ, ಅದು ಗಿರಾಕಿಯವರ ಹೆಂಡತಿಯ ಮೊಬೈಲಿನ ಸ್ಥಿತಿಯೇ. ಹುಡುಗನಿಗೆ "ಗುರುತ್ವ ಇಲ್ಲ" ಅನ್ನೋದನ್ನು ಹೊಡೆದುಹಾಕಿ "ತೂಕ ಇಲ್ಲದ ಅನುಭವ" ಅಂತ ಬರೆಯೋಕೆ ಹೇಳಿ.

ತಪ್ಪು_ಹುಡುಕುವವ
ಎಲ್ಲರೂ ಗಾಳಿಯನ್ನು ಮರೆತು ಮಾತಾಡ್ತಿದ್ದೀರಿ. ಗಾಳಿ ಸೇರಿಸಿದರೆ ಮಜಾ ಬರುತ್ತದೆ. ಚೆಂಡು ಮೇಲೆ ಹೋಗುವಾಗ ಗಾಳಿ ಅದನ್ನು ಕೆಳಕ್ಕೆ ತಳ್ಳುತ್ತದೆ, ಗುರುತ್ವವೂ ಕೆಳಕ್ಕೆ. ಹಾಗಾಗಿ ವೇಗೋತ್ಕರ್ಷ 9.8ಕ್ಕಿಂತ ಜಾಸ್ತಿ. ಕೆಳಗೆ ಬರುವಾಗ ಗಾಳಿ ಮೇಲಕ್ಕೆ ತಳ್ಳುತ್ತದೆ, ಹಾಗಾಗಿ 9.8ಕ್ಕಿಂತ ಕಡಿಮೆ. ತುದಿಯಲ್ಲಿ ವೇಗವೇ ಇಲ್ಲದ್ದರಿಂದ ಗಾಳಿಯ ತಡೆಯೂ ಇಲ್ಲ. ಅಂದರೆ ಇಡೀ ದಾರಿಯಲ್ಲಿ ಸರಿಯಾಗಿ 9.8 ಇರೋದು ತುತ್ತತುದಿಯಲ್ಲಿ ಒಂದೇ ಕಡೆ! ಟ್ಯೂಷನ್ ಸರ್ ಸೊನ್ನೆ ಅಂದಿದ್ದು ಆ ಒಂದು ಜಾಗಕ್ಕೇ.

ನಿವೃತ್ತ_ಮೇಷ್ಟ್ರು
ನಿಮ್ಮ ಹೆಸರಿಗೆ ತಕ್ಕ ಉತ್ತರ. ಪೂರ್ತಿ ಸರಿ.

ಶಟಲ್_ಶೆಟ್ರು
ಹಾಗಾದರೆ ಹತ್ತೋಕೆ ಜಾಸ್ತಿ ಹೊತ್ತೋ ಇಳಿಯೋಕೆ ಜಾಸ್ತಿ ಹೊತ್ತೋ ಮಾರಾಯ್ರೆ?

ತಪ್ಪು_ಹುಡುಕುವವ
ಇಳಿಯೋಕೆ. ಗಾಳಿ ಹೋಗ್ತಾ ಬರ್ತಾ ಎರಡೂ ಕಡೆ ಶಕ್ತಿ ಕಿತ್ತುಕೊಳ್ಳುತ್ತದೆ. ಹಾಗಾಗಿ ಯಾವ ಎತ್ತರ ತೆಗೆದುಕೊಂಡರೂ ಅಲ್ಲಿ ಇಳಿಯುವಾಗಿನ ವೇಗ ಹತ್ತುವಾಗಿನದ್ದಕ್ಕಿಂತ ಕಡಿಮೆ. ಅದೇ ದೂರ, ಕಡಿಮೆ ವೇಗ, ಜಾಸ್ತಿ ಸಮಯ. ನೀವು ಶಟಲ್ ಆಡುವವರು, ಕಾಕ್ ಎತ್ತಿ ಹೊಡೆದಾಗ ನೋಡಿಲ್ವಾ? ಸರ್ರಂತ ಹೋಗುತ್ತದೆ, ನಿಧಾನಕ್ಕೆ ಬರುತ್ತದೆ. ಗಾಳಿಯೇ ಇಲ್ಲದ ಕಡೆ ಈ ಆಟ ನಡೆಯಲ್ಲ. 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ಸುತ್ತಿಗೆ ಮತ್ತು ಗಿಡುಗದ ಗರಿ ಎರಡನ್ನೂ ಒಟ್ಟಿಗೆ ಬಿಟ್ಟಾಗ ಎರಡೂ ಒಟ್ಟಿಗೇ ಬಿದ್ದವು.

ಮಳೆಮನೆ
ನಮ್ಮ ಕಡೆಯ ಮಳೆ ಹನಿಗೂ ಇದೇ ಲೆಕ್ಕನಾ?

ತಪ್ಪು_ಹುಡುಕುವವ
ಹನಿ ಇನ್ನೂ ಒಳ್ಳೆಯ ಉದಾಹರಣೆ, ಪ್ರಶ್ನೆಗೆ ಪೂರ್ತಿ ಉಲ್ಟಾ. ಎರಡು ಕಿ.ಮೀ. ಎತ್ತರದಿಂದ ಗಾಳಿಯಿಲ್ಲದೆ ಬಿದ್ದರೆ ಹನಿ ನೆಲ ಮುಟ್ಟುವಾಗ ಸೆಕೆಂಡಿಗೆ ಸುಮಾರು 200 ಮೀಟರ್, ಅಂದರೆ ಗಂಟೆಗೆ 700 ಕಿ.ಮೀ. ದಾಟಿದ ವೇಗ. ಕೊಡೆ ಅಲ್ಲ, ಹೆಂಚೂ ಉಳಿಯುತ್ತಿರಲಿಲ್ಲ. ನಿಜದಲ್ಲಿ ವೇಗ ಏರಿದ ಹಾಗೆ ಗಾಳಿಯ ತಡೆ ಏರಿ, ಬೇಗನೇ ಅದು ತೂಕಕ್ಕೆ ಸಮ ಆಗುತ್ತದೆ. ದಪ್ಪ ಹನಿ ಸೆಕೆಂಡಿಗೆ 9 ಮೀಟರ್ ಆಸುಪಾಸಿನಲ್ಲಿ ಒಂದೇ ವೇಗದಲ್ಲಿ ಬೀಳುತ್ತದೆ. ವೇಗ ಇದೆ, ವೇಗೋತ್ಕರ್ಷ ಸೊನ್ನೆ. ತುದಿಯ ಚೆಂಡಿಗೆ ವೇಗ ಸೊನ್ನೆ, ವೇಗೋತ್ಕರ್ಷ ಇದೆ. ಈ ಎರಡನ್ನೂ ಪಕ್ಕಪಕ್ಕ ಇಟ್ಟು ಪಾಠ ಮಾಡಿದರೆ ಅರ್ಧ ಗೊಂದಲ ಹೋಗುತ್ತದೆ.

ಶಿರಸಿ_ಅಮ್ಮ
ಇವತ್ತು ಟ್ಯೂಷನ್ ಸರ್ ಹತ್ತಿರ ಹೋಗಿದ್ದೆವು. ಮಗಳೇ ಮಾತಾಡಿದಳು. ಮೇಷ್ಟ್ರ 1.9, 2.1 ಲೆಕ್ಕ ಬೋರ್ಡ್ ಮೇಲೆ ಬರೆದಳು. ಅವರು ಸ್ವಲ್ಪ ಹೊತ್ತು ನೋಡಿ, "ಉತ್ತರದಲ್ಲಿ ದಿಕ್ಕು ಬರೆದಿಲ್ಲ, ಅದಕ್ಕೆ ಅರ್ಧ ಮಾರ್ಕ್ಸ್ ಕೊಡ್ತೀನಿ" ಅಂದರು.

ಧಾರವಾಡ_ಪೇಡಾ
ಭಾರಿ ಹುಷಾರಿ ಇದ್ದಾರ ಸರ್!

ನಿವೃತ್ತ_ಮೇಷ್ಟ್ರು
ಅವರ ಪರವಾಗಿ ಒಂದು ಮಾತು. ದಿಕ್ಕು ಕೇಳಿದ್ದು ಸರಿಯೇ. "ಕೆಳಮುಖವಾಗಿ 9.8 ಮೀ/ಸೆ²" ಅಂತ ಬರೆಯಬೇಕಿತ್ತು. ಬೋರ್ಡ್ ಪರೀಕ್ಷೆಯಲ್ಲೂ ಏಕಮಾನ ಬಿಟ್ಟರೆ ಅಂಕ ಹೋಗಬಹುದು.

ಇನ್ನೊಂದು ಎಚ್ಚರಿಕೆ ಮಗುವಿಗೆ. ಮೇಲ್ಮುಖವನ್ನು ಧನ ಅಂತ ಇಟ್ಟುಕೊಂಡರೆ ವೇಗೋತ್ಕರ್ಷ ಉದ್ದಕ್ಕೂ ಮೈನಸ್ 9.8. "ಮೈನಸ್ ಇದ್ದರೆ ನಿಧಾನ ಆಗುತ್ತಿದೆ" ಅಂತ ಎಷ್ಟೋ ಮಕ್ಕಳು ಬಾಯಿಪಾಠ ಮಾಡಿರುತ್ತಾರೆ. ಇಳಿಯುವ ಚೆಂಡಿಗೂ ಅದೇ ಮೈನಸ್ 9.8, ಆದರೆ ಅದು ಜೋರಾಗುತ್ತಿದೆ. ವೇಗಕ್ಕೂ ವೇಗೋತ್ಕರ್ಷಕ್ಕೂ ಚಿಹ್ನೆ ಒಂದೇ ಇದ್ದರೆ ಜೋರಾಗುತ್ತದೆ, ಬೇರೆ ಬೇರೆ ಇದ್ದರೆ ನಿಧಾನ ಆಗುತ್ತದೆ. ಒಂಟಿ ಮೈನಸ್ ನೋಡಿ ತೀರ್ಮಾನ ಮಾಡಬಾರದು.

ಘಾಟಿ_ಡ್ರೈವರ್
ನಾನು ಓದಿದ್ದು ಕಡಿಮೆ, ಗಾಡಿ ಓಡಿಸೋದು ಜಾಸ್ತಿ. ಆಗುಂಬೆ ತಿರುವಿನಲ್ಲಿ ಸ್ಪೀಡೋಮೀಟರ್ ಮುಳ್ಳು ಅಲ್ಲಾಡಲ್ಲ, ಅಷ್ಟರಲ್ಲೂ ಸೀಟಿನಲ್ಲಿರೋರು ಹೊರಗಡೆಗೆ ವಾಲ್ತಾರೆ. ವೇಗ ಬದಲಾಗದಿದ್ದರೆ ಬಲ ಇಲ್ಲ ಅಂದ್ರಲ್ಲ, ಇವರನ್ನು ತಳ್ಳೋದು ಯಾರು?

ಬುಗುರಿ
ಒಳ್ಳೇ ಪ್ರಶ್ನೆ ಅಣ್ಣಾ. ಹೊರಗೆ ಯಾರೂ ತಳ್ಳಲ್ಲ. ಬಸ್ಸು ತಿರುಗುತ್ತದೆ, ಅವರು ನೇರ ಹೋಗೋಕೆ ನೋಡ್ತಾರೆ. ಬಸ್ಸಿನ ಗೋಡೆ ಅವರನ್ನು ಒಳಕ್ಕೆ ತಳ್ಳಿ ತನ್ನ ಜೊತೆ ತಿರುಗಿಸಿಕೊಳ್ಳುತ್ತದೆ. ಮುಳ್ಳು ತೋರಿಸೋದು ಜವ. ದಿಕ್ಕು ಬದಲಾದರೂ ವೇಗ ಬದಲಾದ ಹಾಗೇ. ಗಂಟೆಗೆ 18 ಕಿ.ಮೀ.ನಲ್ಲಿ 10 ಮೀಟರ್ ತ್ರಿಜ್ಯದ ತಿರುವು ತೆಗೆದರೂ ವೇಗೋತ್ಕರ್ಷ 2.5 ಮೀ/ಸೆ² ಬರುತ್ತದೆ, ತಿರುವಿನ ಒಳಗಡೆಗೆ. ಅದನ್ನೇ 36ರಲ್ಲಿ ತೆಗೆದರೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು, 10 ಆಗುತ್ತದೆ. ಅಷ್ಟಕ್ಕೆ ಟೈರಿನ ಹಿಡಿತ ಸಾಲಲ್ಲ.

ಘಾಟಿ_ಡ್ರೈವರ್
ನಾಲ್ಕು ಪಟ್ಟು ಅನ್ನೋದು ಲೆಕ್ಕದಲ್ಲಿ ಗೊತ್ತಿರಲಿಲ್ಲ, ಸ್ಟೇರಿಂಗಿನಲ್ಲಿ ಗೊತ್ತಿತ್ತು.

ಪಿಯು_ಲಾಸ್ಟ್_ಬೆಂಚ್
ಎಲ್ಲರೂ ಇದ್ದೀರಿ, ಇದೂ ಹೇಳಿಬಿಡಿ. ಎತ್ತು ಗಾಡಿಯನ್ನು ಎಷ್ಟು ಎಳೆಯುತ್ತದೋ ಗಾಡಿಯೂ ಎತ್ತನ್ನು ಅಷ್ಟೇ ಹಿಂದಕ್ಕೆ ಎಳೆಯುತ್ತದೆ, ಮೂರನೇ ನಿಯಮ. ಎರಡೂ ಸಮ. ಮತ್ತೆ ಗಾಡಿ ಹೇಗೆ ಮುಂದೆ ಹೋಗುತ್ತದೆ?

ಧಾರವಾಡ_ಪೇಡಾ
ಎರಡು ಬಲ ಸಮ ಇದ್ದರೂ ಬಿದ್ದಿರೋದು ಬೇರೆ ಬೇರೆಯವರ ಮೇಲೆ ತಮ್ಮಾ. ಒಂದು ಗಾಡಿ ಮೇಲೆ, ಇನ್ನೊಂದು ಎತ್ತಿನ ಮೇಲೆ. ನನ್ನ ಜೇಬಿನ ಸಾಲಕ್ಕೂ ನಿನ್ನ ಜೇಬಿನ ದುಡ್ಡಿಗೂ ವಜಾ ಹಾಕೋಕೆ ಬರ್ತದೇನು? ಗಾಡಿಯದ್ದು ಬೇರೆ ಲೆಕ್ಕ: ಎತ್ತಿನ ಎಳೆತ ಚಕ್ರದ ತಡೆಗಿಂತ ಜಾಸ್ತಿ ಇದ್ದರೆ ಗಾಡಿ ಹೊರಡ್ತದೆ. ಎತ್ತಿನದ್ದು ಬೇರೆ ಲೆಕ್ಕ: ಅದು ಗೊರಸಿನಿಂದ ನೆಲವನ್ನು ಹಿಂದಕ್ಕೆ ಒದೀತದೆ, ನೆಲ ಅದನ್ನು ಮುಂದಕ್ಕೆ ತಳ್ಳತದೆ. ಆ ತಳ್ಳಿಕೆ ಗಾಡಿಯ ಹಿಂದೆಳೆತಕ್ಕಿಂತ ಜಾಸ್ತಿ ಇರಬೇಕು. ಕೆಸರಿನಾಗ ಎತ್ತು ಎಷ್ಟು ಗಟ್ಟಿ ಇದ್ದರೂ ಗಾಡಿ ಹೂತು ನಿಲ್ಲೋದು ಯಾಕ? ಚಕ್ರದ ತಡೆ ಏರಿತು, ಗೊರಸಿಗೆ ನೆಲದ ಆಸರೆ ತಪ್ಪಿತು.

ಗಾಂಧಿಬಜಾರ್_ಗಿರಾಕಿ
ಇದನ್ನು ನಾನು ಒಪ್ಪಲ್ಲ. ಎತ್ತು ಗಾಡಿ ಎರಡನ್ನೂ ಸೇರಿಸಿ ಒಂದೇ ವಸ್ತು ಅಂತ ತೆಗೆದುಕೊಂಡರೆ?

ತಪ್ಪು_ಹುಡುಕುವವ
ತೆಗೆದುಕೊಳ್ಳಿ. ಆಗ ಎತ್ತು ಗಾಡಿ ನಡುವಿನ ಜಗ್ಗಾಟ ಒಳಗಿನ ವ್ಯವಹಾರ, ಪೂರ್ತಿ ಬಿಟ್ಟುಹೋಗುತ್ತದೆ. ಹೊರಗಿನಿಂದ ಉಳಿಯೋದು ನೆಲ ಗೊರಸನ್ನು ಮುಂದಕ್ಕೆ ತಳ್ಳುವ ಬಲ ಮತ್ತು ಚಕ್ರದ ತಡೆ. ಉತ್ತರ ಅದೇ ಬರುತ್ತದೆ, ಕೆಲಸ ಕಮ್ಮಿ. ಒಪ್ಪಲ್ಲ ಅಂತ ಶುರು ಮಾಡಿ ಒಳ್ಳೇ ದಾರಿ ತೋರಿಸಿದಿರಿ.

ಗಾಂಧಿಬಜಾರ್_ಗಿರಾಕಿ
ನಾನು ಅದನ್ನೇ ಹೇಳೋಕೆ ಹೊರಟಿದ್ದೆ.

ಕಡ್ಲೆಪುರಿ
ಹೌದೌದು.